ಕಸದ ಗಾಡಿಯ ಮೈಕಿನಲ್ಲಿ ಗ್ರಾಮಸಭೆ

ಸ್ವಚ್ಛ ವಾಹಿನಿ ಓಣಿಗೆ ಬಂದರೆ ಕೇಳಿಸುವುದು ಹಸಿ ಕಸ, ಒಣ ಕಸದ ಹಾಡು. ಮಂಡ್ಯ ಜಿಲ್ಲೆಯ ಊರೊಂದರಲ್ಲಿ ಮೊನ್ನೆ ಆ ಹಾಡು ನಡುವೆಯೇ ನಿಂತಿತು. ಗಾಡಿ ಓಡಿಸುವಾಕೆ ಮೈಕ್ ಹಿಡಿದರು: 'ಗುರುವಾರ ಹತ್ತೂವರೆಗೆ ಸ್ಕೂಲ್ ಹತ್ರ ಗ್ರಾಮಸಭೆ. ಮನೆ ಇಲ್ದೋರ ಪಟ್ಟಿ ಓದ್ತಾರೆ, ಬನ್ರಮ್ಮ.' ಬಕೆಟ್ ಹಿಡಿದು ನಿಂತಿದ್ದ ಅಜ್ಜಿ ಕೇಳಿದರು, 'ನಮ್ ಹೆಸ್ರು ಐತಾ?' 'ಅದನ್ನ ಅಲ್ಲೇ ಬಂದು ಕೇಳಜ್ಜಿ.'

ಪಂಚಾಯಿತಿ ಕಚೇರಿಯ ಫಲಕದಲ್ಲೂ ಅದೇ ಸಭೆಯ ನೋಟಿಸು ಅಂಟಿಸಿತ್ತು. 'ಸಾರ್ವಜನಿಕರು ಹಾಜರಾಗಿ ಸಭೆಯನ್ನು ಯಶಸ್ವಿಗೊಳಿಸಬೇಕಾಗಿ ಕೋರಿಕೆ' ಎಂಬ ಮಾಮೂಲಿ ಸಾಲು. ಮನೆ ಪಟ್ಟಿಯ ಸುದ್ದಿಯೇ ಇಲ್ಲ!

ಸಂವಿಧಾನದ 73ನೇ ತಿದ್ದುಪಡಿಯ ಬೆನ್ನಿಗೆ ಬಂದ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆ ಹೇಳುವುದು ಇಷ್ಟು: ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ಕೋರಂಗೆ ಮತದಾರರಲ್ಲಿ ಹತ್ತನೇ ಒಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸಾಕು.

ಸಭೆಗೆ ಜನರನ್ನು ಕರೆಯುವ ಕೆಲಸ ಮೊದಲು ತಮಟೆಯದಾಗಿತ್ತು. ಅದರ ಸದ್ದಿಗೆ ಒಳಗಿದ್ದವರೂ ಜಗಲಿಗೆ ಬರುತ್ತಿದ್ದರು. ಯಾವ ವಾಟ್ಸ್‌ಆ್ಯಪ್ ಗುಂಪಿಗೂ ಆ ಶಕ್ತಿಯಿಲ್ಲ. ಆದರೆ ಬಿಸಿಲಲ್ಲಿ ಊರು ಸುತ್ತಿ ಡಂಗುರ ಸಾರುವ ಹೊಣೆ ಹುಟ್ಟಿನಿಂದಲೇ ದಲಿತ ಕುಟುಂಬಗಳ ಹೆಗಲೇರುತ್ತಿತ್ತು. ಸಾರಿದವರಿಗೆ ಸಭೆಯಲ್ಲಿ ಕೂರಲು ಜಾಗ ಸಿಗುತ್ತಿತ್ತೇ? ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ಅದಾದ ಮೇಲೂ ಎಷ್ಟೋ ಊರುಗಳಲ್ಲಿ ತಮಟೆ ಅದೇ ಕೇರಿಯವರ ಕೈಯಲ್ಲೇ ಉಳಿಯಿತು. ನಾದ ಎಷ್ಟೇ ಚೆಂದವಿದ್ದರೂ ಆ ಬಿಟ್ಟಿ ಚಾಕರಿ ಮರಳಿ ಬರುವುದು ಬೇಡ.

ಗಾಡಿಯ ಮೈಕಿಗೆ ಆ ಕಳಂಕವಿಲ್ಲ. ಕಸ ಸಂಗ್ರಹವನ್ನು ಹಲವು ಪಂಚಾಯಿತಿಗಳು ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಕ್ಕೆ ವಹಿಸಿವೆ; ತರಬೇತಿ ಪಡೆದ ಹೆಣ್ಣುಮಕ್ಕಳೇ ಸ್ಟಿಯರಿಂಗ್ ಹಿಡಿದಿದ್ದಾರೆ. ಕಸ ಹಾಕಲು ಬರುವವರಲ್ಲೂ ಹೆಂಗಸರೇ ಹೆಚ್ಚು. ಗ್ರಾಮಸಭೆಗೂ ಮುನ್ನ ನಡೆಯುವ ವಾರ್ಡ್ ಸಭೆಗೆ ಬಂದವರಲ್ಲಿ ಶೇ 30ರಷ್ಟಾದರೂ ಮಹಿಳೆಯರಿರಬೇಕೆಂಬ ನಿಯಮ ಪಾಲನೆಯಾಗಬೇಕಾದರೆ ಮಾತು ಮುಟ್ಟಬೇಕಾದ್ದು ಇವರಿಗೇ.

ತೋಟದ ಮನೆಗಳಿಗೆ ಗಾಡಿ ಹೋಗದು ಎಂಬುದೂ ನಿಜ. ಅಲ್ಲಿಗೆ ಆಶಾ ಕಾರ್ಯಕರ್ತೆಯರ ಬಾಯಿಮಾತೇ ಗತಿ.

ಪಿಡಿಒಗಳು ಒಂದು ಕೆಲಸವನ್ನು ಈ ಸಲವೇ ಮಾಡಲಿ. ಸಭೆಗೆ ವಾರ ಮೊದಲೇ ಗಾಡಿಯ ಮೈಕಿನಲ್ಲಿ ದಿನಾಂಕದ ಜೊತೆಗೆ ಅಲ್ಲಿ ಯಾವ ಪಟ್ಟಿ ಓದುತ್ತಾರೆ, ಯಾವ ಕಾಮಗಾರಿ ತೀರ್ಮಾನವಾಗುತ್ತದೆ ಎಂದು ಹೇಳಿಸಲಿ. ಇದಕ್ಕೆ ಹೊಸ ಅನುದಾನವೂ ಬೇಕಿಲ್ಲ, ಸುತ್ತೋಲೆಯೂ ಬೇಕಿಲ್ಲ.