ಹಳದಿ ತೋರದ ಕಾಮಾಲೆ

ಮಡಕಶಿರಾ, ರಾಯದುರ್ಗ, ಆದೋನಿ ಸೀಮೆಯ ನಮ್ಮಂಥವರಿಗೆ ಒಂದೊಂದು ಕಾಯಿಲೆಗೂ ಎರಡೆರಡು ಹೆಸರು ಗೊತ್ತು. ಮನೆಯಲ್ಲಿ ಅರಿಶಿನ ಕಾಮಾಲೆ, ಸಂತೆಗೆ ಹೋದರೆ ಪಚ್ಚಕಾಮೆರ್ಲು. ಎರಡು ಭಾಷೆಯವರೂ ಈ ಕಾಯಿಲೆಗೆ ಬಣ್ಣ ನೋಡಿಯೇ ಹೆಸರಿಟ್ಟಿದ್ದಾರೆ. ಕಣ್ಣು ಹಳದಿಯಾಯಿತು, ಉಗುರು ಹಳದಿಯಾಯಿತು, ಮೂತ್ರ ಹಳದಿಯಾಯಿತು ಅಂದರೆ ಕಾಮಾಲೆ ಬಂತು. ಹಳದಿ ಇಳಿಯಿತು ಅಂದರೆ ಕಾಮಾಲೆ ಹೋಯಿತು. ನಮ್ಮ ಹಿರಿಯರ ಲೆಕ್ಕ ಇಷ್ಟೇ.

ಆದರೆ ಹೆಪಟೈಟಿಸ್ ಬಿ ಎಂಬ ಸೋಂಕು ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದು ಲಿವರಿಗೆ, ಅಂದರೆ ಯಕೃತ್ತಿಗೆ ತಗಲುವ ವೈರಸ್. ಬಹಳ ಜನರಲ್ಲಿ ಅದು ಹಳದಿಯನ್ನೇ ತೋರದೆ ಇಪ್ಪತ್ತು ಮೂವತ್ತು ವರ್ಷ ಒಳಗೆ ಕುಳಿತಿರುತ್ತದೆ. ಮನುಷ್ಯ ಉಳುತ್ತಾನೆ, ಬಿತ್ತುತ್ತಾನೆ, ರೇಷ್ಮೆಗೂಡು ಹೊತ್ತು ಹಿಂದೂಪುರದ ಮಾರ್ಕೆಟ್ಟಿಗೆ ಹೋಗಿ ಬರುತ್ತಾನೆ. ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಹೊಟ್ಟೆಯಲ್ಲಿ ನೀರು ತುಂಬಿರುತ್ತದೆ, ಇಲ್ಲವೇ ಲಿವರಿನಲ್ಲಿ ಗಡ್ಡೆ ಎದ್ದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಈ ಸೋಂಕನ್ನು ಹೊತ್ತು ಬದುಕುತ್ತಿದ್ದವರು ಸುಮಾರು 25.4 ಕೋಟಿ ಜನ. ಅವರಲ್ಲಿ ಸುಮಾರು 3 ಕೋಟಿ ನಮ್ಮ ದೇಶದವರು. ಈ 3 ಕೋಟಿಯಲ್ಲಿ ಹೆಚ್ಚಿನವರಿಗೆ ತಮಗೆ ಸೋಂಕಿರುವುದೇ ತಿಳಿದಿಲ್ಲ.

ಹೀಗಾಗಿ ಹೇಳಬೇಕಾದ ಮಾತು ಒಂದೇ: ಕಣ್ಣಿನ ಬಣ್ಣ ನೋಡಿ ಕಾಯಬೇಡಿ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಒಬ್ಬರಿಗೆ ಇದ್ದರೆ ಇಡೀ ಮನೆಯವರು ಮಾಡಿಸಿ.

ಹರಡುವುದು ಹೇಗೆ

ಮಳೆಗಾಲದಲ್ಲಿ ಒಂದು ಬೀದಿಯಲ್ಲಿ ಹತ್ತಾರು ಜನಕ್ಕೆ ಒಟ್ಟಿಗೆ ಕಾಮಾಲೆ ಬಂದರೆ ಅದು ಸಾಮಾನ್ಯವಾಗಿ ಹೆಪಟೈಟಿಸ್ ಎ ಅಥವಾ ಇ. ಕೊಳಕು ನೀರು, ಕೆಟ್ಟ ಆಹಾರದಿಂದ ಬರುವಂಥವು. ಬಿ ಹಾಗಲ್ಲ. ಇದು ರಕ್ತದಿಂದ ಮತ್ತು ದೇಹದ ಕೆಲವು ದ್ರವಗಳಿಂದ ಹರಡುತ್ತದೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ, ಗಂಡ ಹೆಂಡಿರ ಕೂಟದಿಂದ, ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚುವುದರಿಂದ ಬರುತ್ತದೆ. ಕ್ಷೌರದಂಗಡಿಯಲ್ಲಿ ಬದಲಿಸದ ಬ್ಲೇಡು, ಜಾತ್ರೆಯಲ್ಲಿ ಹಚ್ಚೆ ಹಾಕುವ ಸೂಜಿ, ಕಿವಿ ಚುಚ್ಚುವ ಸೂಜಿ, ಒಬ್ಬರದನ್ನು ಇನ್ನೊಬ್ಬರು ಬಳಸುವ ಹಲ್ಲುಜ್ಜುವ ಬ್ರಷ್ಷು ಇವೆಲ್ಲ ದಾರಿಗಳೇ. ಒಣಗಿದ ರಕ್ತದಲ್ಲೂ ಈ ವೈರಸ್ ಕನಿಷ್ಠ 7 ದಿನ ಬದುಕಿರಬಲ್ಲದು.

ನಮ್ಮ ಹಳ್ಳಿಗಳಲ್ಲಿ ಆರ್‌ಎಂಪಿ ಡಾಕ್ಟರೇ ಮೊದಲ ಆಸರೆ. ರಾತ್ರಿ ಹನ್ನೆರಡಕ್ಕೆ ಕರೆದರೂ ಬರುವವರು ಅವರೇ, ಅದನ್ನು ಮರೆಯುವಂತಿಲ್ಲ. ಆದರೆ ಜ್ವರ ಬಂದರೂ ಸೂಜಿ, ಮೈಕೈ ನೋವಾದರೂ ಸೂಜಿ ಎಂದು ಕೇಳಿ ಕೇಳಿ ಹಾಕಿಸಿಕೊಳ್ಳುವವರು ನಾವು. ಮಾತ್ರೆಯಲ್ಲಿ ಹೋಗುವುದಕ್ಕೆ ಸೂಜಿ ಬೇಡ. ಬೇಕೇ ಬೇಕೆಂದಾಗ ಪೊಟ್ಟಣ ಕಣ್ಣೆದುರೇ ಹರಿದ ಹೊಸ ಸಿರಿಂಜು ಇರಲಿ. ಇದನ್ನು ಕೇಳುವುದಕ್ಕೆ ಸಂಕೋಚ ಬೇಡ. 2009ರಲ್ಲಿ ಗುಜರಾತಿನ ಸಾಬರಕಾಂಠಾ ಜಿಲ್ಲೆಯ ಮೊಡಾಸಾ ಸುತ್ತಮುತ್ತ ಹೆಪಟೈಟಿಸ್ ಬಿ ಎದ್ದು ಹತ್ತಾರು ಜನ ಸತ್ತರು. ತನಿಖೆಯಲ್ಲಿ ಹೊರಬಿದ್ದದ್ದು ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದ ಕಥೆ.

ಹರಡದ ದಾರಿಯನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ. ಒಂದೇ ಚೊಂಬಿನ ನೀರು ಕುಡಿದರೆ ಬರುವುದಿಲ್ಲ. ಕೆಮ್ಮು, ಸೀನು, ಅಪ್ಪುಗೆ ಯಾವುದರಿಂದಲೂ ಬರುವುದಿಲ್ಲ. ಸೋಂಕಿರುವ ಸೊಸೆಗೆ ಲೋಟ ಬೇರೆ, ಚಾಪೆ ಬೇರೆ ಮಾಡುವ ಮನೆಗಳಿವೆ. ಅದು ಕಾಯಿಲೆಯನ್ನು ತಡೆಯುವುದಿಲ್ಲ, ಆ ಹೆಣ್ಣುಮಗಳ ಮನಸ್ಸನ್ನು ಮಾತ್ರ ಮುರಿಯುತ್ತದೆ.

ವಯಸ್ಸಿನ ಲೆಕ್ಕ

ಈ ಸೋಂಕು ಎಷ್ಟು ಚಿಕ್ಕ ವಯಸ್ಸಿಗೆ ತಗಲುತ್ತದೋ ಅಷ್ಟು ಗಟ್ಟಿಯಾಗಿ ಬೇರು ಬಿಡುತ್ತದೆ. ದೊಡ್ಡವರಿಗೆ ತಗಲಿದರೆ ನೂರಕ್ಕೆ 95ಕ್ಕೂ ಹೆಚ್ಚು ಜನರಲ್ಲಿ ಕೆಲವು ತಿಂಗಳಲ್ಲಿ ದೇಹವೇ ಅದನ್ನು ಸೋಲಿಸುತ್ತದೆ. ಹುಟ್ಟುವಾಗಲೇ ತಗಲಿದ ಕೂಸುಗಳಲ್ಲಾದರೋ ನೂರಕ್ಕೆ 90ರಲ್ಲಿ ಅದು ಬಾಳಿನುದ್ದಕ್ಕೂ ಉಳಿಯುತ್ತದೆ.

ಪಸರು ಕೊಡುವವರ ಕೀರ್ತಿಯ ಗುಟ್ಟೂ ಇಲ್ಲೇ ಇದೆ. ದೊಡ್ಡವರ ಹಳದಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಹೆಸರು ಸೊಪ್ಪಿಗೆ ಬರುತ್ತದೆ. ನೆಲನೆಲ್ಲಿ, ತೆಲುಗಿನಲ್ಲಿ ನೇಲ ಉಸಿರಿ ಅನ್ನುವ ಗಿಡವನ್ನು ವಿಜ್ಞಾನಿಗಳು ಕಡೆಗಣಿಸಿಲ್ಲ. 1988ರಲ್ಲಿ ಮದರಾಸಿನ ಸಂಶೋಧಕರು ಅದನ್ನು ಸೋಂಕಿದ್ದವರಿಗೆ ಕೊಟ್ಟು, ಹಲವರ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಯಿತೆಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಈ ವೈರಸ್ಸಿನ ಗುರುತನ್ನು 1960ರ ದಶಕದಲ್ಲಿ ಮೊದಲು ಕಂಡು, 1976ರಲ್ಲಿ ನೊಬೆಲ್ ಪಡೆದ ಅಮೆರಿಕದ ಬರೂಕ್ ಬ್ಲೂಂಬರ್ಗ್ ಅವರೂ ಆ ತಂಡದಲ್ಲಿದ್ದರು. ಆದರೆ ಮುಂದೆ ಬೇರೆ ಬೇರೆ ಕಡೆ ಪರೀಕ್ಷಿಸಿದಾಗ ಆ ಫಲ ಮತ್ತೆ ಸಿಗಲಿಲ್ಲ. ಸೊಪ್ಪಿನ ಮೇಲೆ ನಮಗೆ ಹಗೆಯೇನಿಲ್ಲ. ಅದನ್ನೇ ನಂಬಿ ರಕ್ತ ಪರೀಕ್ಷೆ ಬಿಡಬೇಡಿ ಅನ್ನುವುದಷ್ಟೇ ಮಾತು. ಕೈಗೆ ಬರೆ ಎಳೆಸುವುದಂತೂ ಬೇಡವೇ ಬೇಡ.

ಅಡಂಗಲ್ ಓದಿದಂತೆ ಓದಿ

ಪರೀಕ್ಷೆಯ ಚೀಟಿ ಬರುವುದು ಇಂಗ್ಲಿಷಿನಲ್ಲಿ. 'ಪಾಸಿಟಿವ್' ಎಂಬ ಒಂದು ಪದ ಕಂಡರೆ ಮನೆಯೆಲ್ಲ ಅಳುವುದುಂಟು, 'ನೆಗೆಟಿವ್' ಕಂಡರೆ ಚೀಟಿ ಹರಿದು ಎಸೆಯುವುದುಂಟು. ಆಂಧ್ರದ ಅಡಂಗಲ್ ಇರಲಿ, ಕರ್ನಾಟಕದ ಪಹಣಿ ಇರಲಿ, ಒಂದೇ ಕಲಂ ನೋಡಿ ಹೊಲ ಕೊಳ್ಳುವ ರೈತ ಯಾರಿದ್ದಾನೆ? ಇಲ್ಲೂ ಹಾಗೆಯೇ. ಕಲಂ ಮೂರಿವೆ.

ಮೊದಲನೆಯದು ಎಚ್‌ಬಿಎಸ್‌ಎಜಿ. ಇದು ವೈರಸ್ಸಿನ ಮೇಲಂಗಿಯ ಗುರುತು. ಪಾಸಿಟಿವ್ ಎಂದರೆ ವೈರಸ್ ಈಗ ಮೈಯಲ್ಲಿದೆ ಎಂದರ್ಥ. ಎರಡನೆಯದು ಆಂಟಿ ಎಚ್‌ಬಿಎಸ್. ಇದು ನಮ್ಮ ದೇಹದ ಕಾವಲಿನ ಗುರುತು. ಇದು ಪಾಸಿಟಿವ್ ಬಂದರೆ ಒಳ್ಳೆಯ ಸುದ್ದಿ, ರಕ್ಷಣೆ ಇದೆ ಎಂದರ್ಥ. ಅಳತೆ 10 ಅಥವಾ ಅದಕ್ಕೂ ಹೆಚ್ಚಿದ್ದರೆ ಸಾಕು. ಮೂರನೆಯದು ಆಂಟಿ ಎಚ್‌ಬಿ ಕೋರ್. ವೈರಸ್ ಎಂದಾದರೂ ಮೈಗೆ ಬಂದಿತ್ತೇ ಎಂಬುದನ್ನು ಇದು ಹೇಳುತ್ತದೆ. ಲಸಿಕೆಯಿಂದ ಈ ಗುರುತು ಬರುವುದಿಲ್ಲ.

ಮೂರೂ ನೆಗೆಟಿವ್ ಅಂದರೆ ಸೋಂಕೂ ಇಲ್ಲ, ಕಾವಲೂ ಇಲ್ಲ. ಲಸಿಕೆ ಹಾಕಿಸಬೇಕು. ಎರಡನೆಯದು ಮಾತ್ರ ಪಾಸಿಟಿವ್ ಅಂದರೆ ಲಸಿಕೆ ಹಿಡಿದಿದೆ. ಎರಡನೆಯದೂ ಮೂರನೆಯದೂ ಪಾಸಿಟಿವ್, ಮೊದಲನೆಯದು ನೆಗೆಟಿವ್ ಅಂದರೆ ಎಂದೋ ಬಂದು ಹೋಗಿದೆ, ದೇಹ ಗೆದ್ದಿದೆ. ಇಂಥವರು ಮುಂದೆ ಕ್ಯಾನ್ಸರ್ ಮುಂತಾದವಕ್ಕೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವುದಾದರೆ ಈ ಸಂಗತಿಯನ್ನು ಡಾಕ್ಟರಿಗೆ ಹೇಳಬೇಕು, ಏಕೆಂದರೆ ಆಗ ವೈರಸ್ ಮತ್ತೆ ತಲೆಯೆತ್ತಬಹುದು. ಮೂರನೆಯದು ಮಾತ್ರ ಪಾಸಿಟಿವ್ ಬಂದರೆ ಡಾಕ್ಟರೇ ನೋಡಿ ಹೇಳಬೇಕು.

ಮೊದಲನೆಯದು ಪಾಸಿಟಿವ್ ಬಂದರೆ ಅದು ಹೊಸ ಸೋಂಕೋ ಹಳೆಯದೋ ತಿಳಿಯಬೇಕು. 6 ತಿಂಗಳು ದಾಟಿದ ಮೇಲೂ ಪಾಸಿಟಿವ್ ಇದ್ದರೆ ಅದು ಬೇರೂರಿದ ಸೋಂಕು. ಸೋಂಕು ತಗಲಿದ ಮೊದಲ ಕೆಲವು ವಾರ ಪರೀಕ್ಷೆಯಲ್ಲಿ ಕಾಣದೆಯೂ ಇರಬಹುದು. ಆದ್ದರಿಂದ ಸೂಜಿ ಚುಚ್ಚಿಕೊಂಡ ಮಾರನೆಯ ದಿನದ ನೆಗೆಟಿವ್ ನಂಬಿ ಸುಮ್ಮನಾಗಬಾರದು. ಅಂಥ ಸಂದರ್ಭದಲ್ಲಿ ಅದೇ ದಿನ ಡಾಕ್ಟರ ಬಳಿ ಹೋದರೆ ಲಸಿಕೆ ಹಾಕಿ ಸೋಂಕನ್ನೇ ತಡೆಯಲು ಅವಕಾಶವಿದೆ.

ಕುವೈತ್ ಮೆಡಿಕಲ್ ಮತ್ತು ಒಂದು ಮನೆ

ನಮ್ಮ ರಾಯಲಸೀಮೆಯಿಂದ ಕುವೈತಿಗೆ ದುಡಿಯಲು ಹೋಗುವ ಹುಡುಗರು ಬಹಳ. ಕೊಲ್ಲಿ ದೇಶಗಳ ಮೆಡಿಕಲ್ ಪರೀಕ್ಷೆಯಲ್ಲಿ ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದರೆ 'ಅನ್‌ಫಿಟ್' ಎಂದು ಬರೆಯುತ್ತಾರೆ. ಹಾಗೆ ಬರೆಸಿಕೊಂಡು ಬಂದ ಹುಡುಗನ ಅಪ್ಪ ಒಮ್ಮೆ ಚೀಟಿ ಹಿಡಿದು ನನ್ನ ಹತ್ತಿರ ಬಂದಿದ್ದ.

"ಮಾವ, ಮೂರು ಲಕ್ಷ ಸಾಲ ಮಾಡೀವ್ನಿ. ಇವನು ನೋಡಿದ್ರೆ ಎತ್ತಿನಂಗವ್ನೆ. ಏನ್ ಕಾಯಿಲೆ ಅಂತೆ?"

"ಕಾಯಿಲೆ ಎಷ್ಟೈತೆ ಅಂತ ಇನ್ನೂ ಗೊತ್ತಿಲ್ಲ ಕಣಪ್ಪ. ವೈರಸ್ ಐತೆ ಅಂತ ಮಾತ್ರ ಈ ಚೀಟಿ ಹೇಳ್ತದೆ. ಅವನೊಬ್ಬನದೇ ಅಲ್ಲ, ನಿಮ್ಮೆಲ್ಲರ ರಕ್ತಾನೂ ನೋಡಿಸು," ಅಂದೆ.

ಮನೆಯವರೆಲ್ಲ ಪರೀಕ್ಷೆ ಮಾಡಿಸಿದರು. ತಾಯಿಗೂ ಪಾಸಿಟಿವ್ ಬಂತು. ಅಪ್ಪನಿಗೂ ಇಬ್ಬರು ತಂಗಿಯರಿಗೂ ಏನೂ ಇರಲಿಲ್ಲ, ಲಸಿಕೆ ಹಾಕಿಸಿದರು. ಹುಡುಗನಿಗೆ ಸದ್ಯಕ್ಕೆ ಮಾತ್ರೆ ಬೇಡ, ಆರು ತಿಂಗಳಿಗೊಮ್ಮೆ ಬಂದು ತೋರಿಸು ಅಂದರು. ತಾಯಿಯ ಲಿವರು ಆಗಲೇ ಗಡುಸಾಗತೊಡಗಿತ್ತು, ಮಾತ್ರೆ ಶುರು ಮಾಡಿದರು. ಆ ಹೆಣ್ಣುಮಗಳಿಗೆ ಅದುವರೆಗೆ ಒಂದು ದಿನ ಕಣ್ಣು ಹಳದಿಯಾದದ್ದಿಲ್ಲ. ಕುವೈತಿನ ದಾರಿ ಮುಚ್ಚಿದ್ದು ಸುಳ್ಳಲ್ಲ, ಸಾಲದ ಬಡ್ಡಿ ಬೆಳೆದದ್ದೂ ಸುಳ್ಳಲ್ಲ. ಆದರೆ ಆ ಚೀಟಿ ಬರದಿದ್ದರೆ ತಾಯಿಯ ಸುದ್ದಿ ತಿಳಿಯುತ್ತಿದ್ದದ್ದು ಕೈಮೀರಿದ ಮೇಲೆ.

ಔಷಧಿ ಇದೆ, ಖರ್ಚಿಗೂ ದಾರಿ ಇದೆ

ಪಾಸಿಟಿವ್ ಬಂದವರಿಗೆ ಮುಂದೆ ಎಸ್‌ಜಿಪಿಟಿ ಎಂಬ ಲಿವರ್ ಪರೀಕ್ಷೆ, ವೈರಸ್ ಎಷ್ಟಿದೆ ಎಂದು ಅಳೆಯುವ ಡಿಎನ್‌ಎ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಮಾಡುತ್ತಾರೆ. ಎಲ್ಲರಿಗೂ ಔಷಧಿ ಬೇಕಾಗುವುದಿಲ್ಲ. ಬೇಕಾದವರಿಗೆ ಟೆನೊಫೊವಿರ್ ಅಥವಾ ಎಂಟಿಕಾವಿರ್ ಮಾತ್ರೆ ದಿನಕ್ಕೊಂದು. ಇವು ವೈರಸ್ಸನ್ನು ಬೇರುಸಹಿತ ಕೀಳುವುದು ಅಪರೂಪ, ಆದರೆ ಅದರ ಸೊಕ್ಕು ಅಡಗಿಸುತ್ತವೆ, ಲಿವರು ಕೆಡುವುದನ್ನೂ ಕ್ಯಾನ್ಸರಿನ ಅಪಾಯವನ್ನೂ ತಗ್ಗಿಸುತ್ತವೆ. ಆರಾಮಾಯಿತೆಂದು ನಡುವೆ ತಾವಾಗಿಯೇ ನಿಲ್ಲಿಸಿದರೆ ಕಾಯಿಲೆ ಒಮ್ಮೆಲೇ ಕೆರಳಬಹುದು.

ಕೇಂದ್ರ ಸರ್ಕಾರವು 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಇದರಡಿ ಪರೀಕ್ಷೆ, ಔಷಧಿ ಎರಡೂ ಉಚಿತ. ಗಡಿಯ ಆಚೆಗೂ ಈಚೆಗೂ ಇರುವುದು ಅದೇ ಕಾರ್ಯಕ್ರಮ. ನಿಮ್ಮ ಜಿಲ್ಲೆಯ ಸರ್ಕಾರಿ ದೊಡ್ಡಾಸ್ಪತ್ರೆಯಲ್ಲಿ 'ಹೆಪಟೈಟಿಸ್ ಚಿಕಿತ್ಸಾ ಕೇಂದ್ರ ಎಲ್ಲಿ' ಎಂದು ಕೇಳಿ. ಒಮ್ಮೆ ಸಿರಾದಲ್ಲಿ, ಒಮ್ಮೆ ಹಿಂದೂಪುರದಲ್ಲಿ, ಒಮ್ಮೆ ಬೆಂಗಳೂರಿನಲ್ಲಿ ತೋರಿಸುವವರು ಹಳೆಯ ಚೀಟಿಗಳನ್ನೆಲ್ಲ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಬೇಕು.

ಕಡ್ಲೆಕಾಯಿ ಬೆಳೆಯುವವರಿಗೆ ಇನ್ನೊಂದು ಮಾತು. ಬೂಷ್ಟು ಹಿಡಿದ ಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದೊಂದೇ ಲಿವರಿಗೆ ಕೆಟ್ಟದ್ದು, ಹೆಪಟೈಟಿಸ್ ಬಿ ಜೊತೆ ಕೂಡಿದರೆ ಲಿವರ್ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ. ಒಳ್ಳೆ ಕಾಯಿ ಮಾರ್ಕೆಟ್ಟಿಗೆ, ಮುಗ್ಗಲು ಕಾಯಿ ಮನೆಗೆ ಅನ್ನುವ ನಮ್ಮ ಪದ್ಧತಿ ನಿಲ್ಲಬೇಕು. ಕಾಯಿ ಚೆನ್ನಾಗಿ ಒಣಗಿಸಿ, ಬಣ್ಣಗೆಟ್ಟ ಬೀಜ ಆರಿಸಿ ಎಸೆಯಿರಿ. ಸೋಂಕಿದ್ದವರು ಹೆಂಡ ಸಾರಾಯಿ ಮುಟ್ಟಲೇಬಾರದು.

ಲಸಿಕೆ

ಒಂದು ಕಾಲಕ್ಕೆ ಈ ಲಸಿಕೆ ಹೊರದೇಶದಿಂದ ಬರುತ್ತಿತ್ತು, ಬಡವರ ಕೈಗೆ ಎಟುಕುತ್ತಿರಲಿಲ್ಲ. ನೆಲ್ಲೂರು ಜಿಲ್ಲೆಯ ಕೆ. ಐ. ವರಪ್ರಸಾದ ರೆಡ್ಡಿ ತಮ್ಮ ತಾಯಿಯ ಹೆಸರಿನಲ್ಲಿ ಹೈದರಾಬಾದಿನಲ್ಲಿ ಶಾಂತಾ ಬಯೋಟೆಕ್ನಿಕ್ಸ್ ಕಟ್ಟಿ, 1997ರಲ್ಲಿ ಶಾನ್‌ವ್ಯಾಕ್-ಬಿ ಹೊರತಂದ ಮೇಲೆ ಬೆಲೆ ಕೆಳಗಿಳಿಯಿತು. ಸರ್ಕಾರದ ಮಕ್ಕಳ ಲಸಿಕೆ ಪಟ್ಟಿಯಲ್ಲಿ ಅದು ದೇಶದ ಎಲ್ಲ ರಾಜ್ಯಗಳಿಗೂ ತಲುಪಿದ್ದು 2011ರ ಹೊತ್ತಿಗೆ. ಅಂದರೆ ಇಂದು ಮೂವತ್ತು ದಾಟಿದ ನಮ್ಮಲ್ಲಿ ಹೆಚ್ಚಿನವರಿಗೆ ಲಸಿಕೆ ಬಿದ್ದಿಲ್ಲ. ದೊಡ್ಡವರಿಗೆ ಮೂರು ಸಲ: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ. ಮೂರನೆಯದನ್ನು ಮರೆಯುವವರೇ ಹೆಚ್ಚು, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಮನೆಯಲ್ಲಿ ಬಸುರಿ ಇದ್ದರೆ ಎಚ್‌ಬಿಎಸ್‌ಎಜಿ ಪರೀಕ್ಷೆ ಆಗಿದೆಯೇ ಎಂದು ತಾಯಿ ಕಾರ್ಡು ತೆಗೆದು ನೋಡಿ. ಕೂಸಿಗೆ ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ ಬೀಳಬೇಕು. ಮುಂದಿನವು 6, 10, 14ನೇ ವಾರಕ್ಕೆ. ತಾಯಿಗೆ ಸೋಂಕಿದ್ದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಸೂಜಿಯನ್ನೂ ಆದಷ್ಟು ಬೇಗ ಕೊಡುತ್ತಾರೆ. ಇಂಥ ತಾಯಿ ಆಸ್ಪತ್ರೆಯಲ್ಲೇ ಹೆರಬೇಕು, ಹೆರಿಗೆಗೆ ಮುಂಚೆಯೇ ಡಾಕ್ಟರಿಗೆ ಚೀಟಿ ತೋರಿಸಬೇಕು. ಅವಳು ಮಗುವಿಗೆ ಹಾಲೂಡಿಸಬಹುದು. ಗಂಡು ಹೆಣ್ಣು ಯಾರಿಗೇ ಸೋಂಕಿದ್ದರೂ ಮದುವೆಗೆ ಅಡ್ಡಿಯಿಲ್ಲ. ಜೊತೆಗಾರರು ಪರೀಕ್ಷೆ ಮಾಡಿಸಿ, ಮೂರೂ ಲಸಿಕೆ ಹಾಕಿಸಿಕೊಂಡು, ಕಾವಲು ಬಂದಿದೆಯೇ ಎಂದು ನೋಡಿಕೊಂಡರೆ ಸಾಕು.

ಬಿತ್ತನೆಗೆ ಮುಂಚೆ ಮಣ್ಣು ಪರೀಕ್ಷೆಗೆ ಕಳಿಸುವ ರೈತರು ಈಗ ನಮ್ಮಲ್ಲಿ ಕಡಿಮೆಯಿಲ್ಲ. ಈ ಪರೀಕ್ಷೆಗೆ ಅಷ್ಟು ದಿನವೂ ಬೇಡ, ಸ್ವಲ್ಪ ರಕ್ತ ಕೊಟ್ಟರೆ ಸಾಕು. ಮುಂದಿನ ಸಲ ಪೇಟೆಗೆ ಗೊಬ್ಬರಕ್ಕೋ ಬೀಜಕ್ಕೋ ಹೋದಾಗ ಸರ್ಕಾರಿ ಆಸ್ಪತ್ರೆಯ ಕಡೆಗೂ ಒಂದು ಹೆಜ್ಜೆ ಹಾಕಿ. ಒಬ್ಬರೇ ಹೋಗಬೇಡಿ, ಮನೆಯಾಕೆಯನ್ನೂ ಕರೆದುಕೊಂಡು ಹೋಗಿ.