ಅವಧಾನದ ಗೆಳೆಯರು

ಅಷ್ಟಾವಧಾನವೆಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಿಗೆ ಕಟ್ಟುವುದು, ವೇದಿಕೆಯ ನಡುವೆ ಲೇಖನಿಯಾಗಲಿ ಕಾಗದವಾಗಲಿ ಇಲ್ಲದೆ ಕುಳಿತು, ಎಂಟು ದಿಕ್ಕುಗಳಿಂದ ಬರುವ ಪ್ರಶ್ನೆಗಳಿಗೆ ಪದ್ಯಗಳಲ್ಲಿಯೇ ಉತ್ತರವಿತ್ತು, ಕಟ್ಟಕಡೆಗೆ ಅವೆಲ್ಲವನ್ನೂ ಅಕ್ಷರಲೋಪವಿಲ್ಲದೆ ಒಪ್ಪಿಸುವ ಒಬ್ಬ ವಿದ್ವಾಂಸರ ಮೂರ್ತಿ. ಈ ಚಿತ್ರ ಸುಳ್ಳಲ್ಲ. ಆದರೆ ಅರ್ಧ ಮಾತ್ರ. ಮಿಕ್ಕರ್ಧವೆಂದರೆ ಅವಧಾನಿಯ ಎಡಬಲಗಳಲ್ಲಿ ಕುಳಿತು ಪ್ರಶ್ನೆ ಕೇಳುವ ಪೃಚ್ಛಕರು. ಅವರ ಕೆಲಸ ಅಡ್ಡಿಪಡಿಸುವುದು. ಆ ಅಡ್ಡಿ ಎಷ್ಟು ಜಾಣತನದ್ದೋ ಅವಧಾನದ ಸೊಗಸು ಅಷ್ಟು ಹೆಚ್ಚು. ಸ್ನೇಹವಿಲ್ಲದ ಕಡೆ ಇಂಥ ಅಡ್ಡಿ ಬರಿಯ ಕಿರುಕುಳವಾಗುತ್ತದೆ, ಅಡ್ಡಿಯಿಲ್ಲದ ಕಡೆ ಸ್ನೇಹ ಬರಿಯ ಹೊಗಳಿಕೆಯಾಗುತ್ತದೆ. ಆದಕಾರಣ ಈ ಕಲೆಯನ್ನು ಒಬ್ಬರ ಪವಾಡವೆನ್ನುವುದಕ್ಕಿಂತ ಒಂದು ಬಳಗದ ಕೃಷಿಯೆನ್ನುವುದೇ ನ್ಯಾಯವೆಂದು ನನ್ನ ನಂಬಿಕೆ.

ಎಂಟು ವಿಭಾಗಗಳಲ್ಲಿ ಅತ್ಯಂತ ಕಠಿನವಾದುದು, ಅವಧಾನಿ ಹೇಳುವ ಒಂದೊಂದು ಅಕ್ಷರದ ಮುಂದೆಯೂ ಪೃಚ್ಛಕರು ಒಂದಕ್ಷರವನ್ನು ನಿಷೇಧಿಸುವ ನಿಷೇಧಾಕ್ಷರಿ. ಸರಸ್ವತಿಯ ಸ್ತುತಿಯಾಗಲೆಂದು ಪೃಚ್ಛಕರು ಕೇಳುತ್ತಾರೆಂದಿಟ್ಟುಕೊಳ್ಳೋಣ, ಛಂದಸ್ಸು ಕಂದಪದ್ಯ. ಅವಧಾನಿ ‘ವಾ’ ಎಂದು ಮೊದಲ ಅಕ್ಷರವನ್ನಿಡುತ್ತಲೇ, ಮುಂದೆ ‘ವಾಣಿ’ ಬರುವುದೆಂದು ಊಹಿಸಿದ ಪೃಚ್ಛಕರು ಣಕಾರವನ್ನು ನಿಷೇಧಿಸುತ್ತಾರೆ. ಅವಧಾನಿ ‘ಗ್ವಿ’ ಎನ್ನುತ್ತಾರೆ. ‘ವಾಗ್ವಿಲಾಸ’ವೇ ಇರಬೇಕೆಂದು ಈಗ ಲಕಾರಕ್ಕೆ ತಡೆ ಬೀಳುತ್ತದೆ. ಒಂದು ಕ್ಷಣ ತಡೆದು ಅವಧಾನಿ ‘ಭ’ ಎಂದರೆ ‘ವಾಗ್ವಿಭವ’ದ ಬಾಗಿಲು ತೆರೆಯಿತು, ನಾಲ್ಕು ಮಾತ್ರೆಯ ಮೊದಲ ಗಣವೂ ತುಂಬಿತು, ಪೃಚ್ಛಕರು ಆಗಲೇ ವಕಾರದ ಮೇಲೆ ಕಣ್ಣಿಟ್ಟಿರುತ್ತಾರೆ. ಆದರೆ ತಿಳಿದವರು ಇಲ್ಲಿ ಇನ್ನೊಂದು ತೊಡಕನ್ನೂ ಕಾಣುತ್ತಾರೆ. ಕಂದಪದ್ಯದ ನಾಲ್ಕು ಪಾದಗಳಲ್ಲಿಯೂ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕೆಂಬುದು ಆದಿಪ್ರಾಸದ ಕಟ್ಟಳೆಯಾದುದರಿಂದ, ಣಕಾರವನ್ನು ತಪ್ಪಿಸಿಕೊಳ್ಳಲು ಹಿಡಿದ ‘ಗ್ವ’ ಎಂಬ ಒತ್ತಕ್ಷರವನ್ನು ಇನ್ನು ಮೂರು ಪಾದಗಳಲ್ಲಿ ಅವಧಾನಿ ನಿರ್ವಹಿಸಲೇಬೇಕು. ‘ಋಗ್ವೇದ’, ‘ದಿಗ್ವಲಯ’ ಎಂದು ಬೆರಳೆಣಿಕೆಯ ಪದಗಳು ಮಾತ್ರ ಅವರ ನೆರವಿಗುಂಟು. ಅವೂ ಸರಸ್ವತಿಯ ವರ್ಣನೆಗೆ ಹೊಂದಬೇಕು, ಅರ್ಥವೂ ಹರಿಯಬೇಕು. ಇಷ್ಟರ ನಡುವೆ ಇನ್ನುಳಿದ ಏಳು ಮಂದಿ ಕಾದಿರುತ್ತಾರೆ.

ಏಕೆಂದರೆ ಒಂದು ಪದ್ಯವನ್ನು ಮುಗಿಸಿ ಮುಂದಿನದಕ್ಕೆ ಹೋಗುವ ಸೌಕರ್ಯ ಇಲ್ಲಿಲ್ಲ. ಸುತ್ತಿಗೊಂದು ಪಾದದಂತೆ ನಾಲ್ಕು ಸುತ್ತುಗಳಲ್ಲಿ ಪದ್ಯಗಳು ಒಟ್ಟೊಟ್ಟಿಗೆ ಬೆಳೆಯುತ್ತವೆ. ನಡುನಡುವೆ ಸಂಖ್ಯಾಬಂಧದವರು, ಎತ್ತ ಕೂಡಿದರೂ ಒಂದೇ ಮೊತ್ತ ಬರಬೇಕಾದ ಅಂಕಚೌಕದ ಯಾವುದೋ ಮನೆಯ ಅಂಕವನ್ನು ಕೇಳುತ್ತಾರೆ. ಕಾವ್ಯವಾಚನದವರು ಪ್ರಾಚೀನ ಕಾವ್ಯದ ಪದ್ಯವೊಂದನ್ನು ಹಾಡಿ ಕವಿ ಯಾರು, ಸಂದರ್ಭ ಯಾವುದು ಎನ್ನುತ್ತಾರೆ. ಅಪ್ರಸ್ತುತಪ್ರಸಂಗದವರಂತೂ, ಪದ್ಯ ತುದಿನಾಲಗೆಗೆ ಬಂದ ಗಳಿಗೆಯಲ್ಲಿಯೇ ನಿನ್ನೆಯ ಮದುವೆಯೂಟವನ್ನೋ ಪೇಟೆಯ ತರಕಾರಿಯ ಬೆಲೆಯನ್ನೋ ಎತ್ತಿ, ಸಭೆ ನಗುವಂಥ ಉತ್ತರ ಬರುವವರೆಗೆ ಬಿಡರು. ಸುಮಾರು ಮೂರು ಗಂಟೆಗಳ ಈ ಕಲಾಪದ ಕೊನೆಯಲ್ಲಿ ಧಾರಣೆ, ಎಂದರೆ ಪದ್ಯಗಳೆಲ್ಲವನ್ನೂ ನೆನಪಿನಿಂದ ಒಪ್ಪಿಸುವುದು.

ನನಗೆ ಮಾತ್ರ ಇವೆಲ್ಲಕ್ಕಿಂತ ಪ್ರಿಯವಾದುದು ಸಮಸ್ಯಾಪೂರಣ. ಮೇಲುನೋಟಕ್ಕೆ ಅಸಂಬದ್ಧವಾದ ಕೊನೆಯ ಪಾದವೊಂದನ್ನು ಪೃಚ್ಛಕರು ಕೊಡುತ್ತಾರೆ. ಮೇಲಿನ ಮೂರು ಪಾದಗಳನ್ನು ಕಟ್ಟಿ ಅದಕ್ಕೆ ಅರ್ಥ ತರುವುದು ಅವಧಾನಿಯ ಹೊಣೆ. ನಿದರ್ಶನಕ್ಕೆ ‘ರವಿಯುದಿಸಲ್ ಕತ್ತಲಾಯ್ತು ಧಾರಿಣಿಗೆಲ್ಲಂ’ ಎಂಬ ಪಾದವಿರಲಿ. ಸೂರ್ಯನು ಹುಟ್ಟಿದಾಗ ಕತ್ತಲಾಗುವುದೆಂತು? ಗ್ರಹಣವೆಂಬ ಸಮಾಧಾನ ಯಾರಿಗೂ ಹೊಳೆಯುವಂಥದು. ಹಾಗೆ ಹೊಳೆಯುವುದರಿಂದಲೇ ಅದು ರಸಿಕರಿಗೆ ರುಚಿಸದು. ಗೂಬೆಯ ಬಾಯಿಂದ ಈ ಮಾತನ್ನಾಡಿಸಿದರೆ ವಿನೋದವುಂಟು. ಆದರೆ ಪಟ್ಟಾಭಿಷೇಕಕ್ಕೆಂದು ಅಯೋಧ್ಯೆಯೆಲ್ಲ ಎದುರುನೋಡುತ್ತಿದ್ದ ಬೆಳಗು ಬಂದು, ಅದೇ ಬೆಳಗಿನಲ್ಲಿ ರಾಮನು ಕಾಡಿಗೆ ಹೊರಟನೆಂದು ಮೂರು ಪಾದಗಳಲ್ಲಿ ಯಾರಾದರೂ ಹೇಳಬಲ್ಲರಾದರೆ, ಒಗಟಿಗೆ ಉತ್ತರ ಸಿಕ್ಕಿತೆಂಬ ತೃಪ್ತಿಗೆ ಮಿಗಿಲಾಗಿ ಕಾವ್ಯವೊಂದು ಹುಟ್ಟಿತೆಂಬ ಸಂತೋಷವಾಗುತ್ತದೆ. ಕೊಟ್ಟ ಪಾದ ಒಂದೇ. ಕಟ್ಟಿದವರ ಓದು, ಅನುಭವ, ಮನೋಧರ್ಮಗಳಿಗೆ ತಕ್ಕಂತೆ ಪರಿಹಾರಗಳು ಬೇರೆ.

ಈ ಕಾರಣದಿಂದಲೇ ಸಮಸ್ಯೆಯು ವೇದಿಕೆಯಿಂದಿಳಿದು ಗೆಳೆಯರ ನಿತ್ಯಜೀವನದಲ್ಲಿ ಬೆರೆತುಹೋಗಿರುವುದು. ‘ಪದ್ಯಪಾನ’ವೆಂಬ ಬಳಗದವರು ವಾರಕ್ಕೊಂದರಂತೆ ಸಮಸ್ಯೆಯನ್ನೋ, ಕೊಟ್ಟ ಪದಗಳನ್ನು ಪದ್ಯದೊಳಗೆ ಅಳವಡಿಸಬೇಕಾದ ದತ್ತಪದಿಯನ್ನೋ, ವರ್ಣನೆಗೆ ಚಿತ್ರವೊಂದನ್ನೋ ಮುಂದಿಟ್ಟುಕೊಂಡು ಪದ್ಯ ಕಟ್ಟುತ್ತ ಬಂದುದನ್ನು ಹಳಗನ್ನಡದ ಛಂದಸ್ಸು ಇಂದಿಗೂ ಜೀವಂತವೆಂಬುದಕ್ಕೆ ಸಾಕ್ಷ್ಯವೆಂದು ಧೈರ್ಯವಾಗಿ ಹೇಳಬಹುದು. ಕಚೇರಿಯ ಕೆಲಸದವರು, ಗೃಹಿಣಿಯರು, ಅಧ್ಯಾಪಕರು, ಕಂಪ್ಯೂಟರಿನ ಮುಂದೆ ದಿನಗಳೆಯುವ ತರುಣರು, ಊರು ಬಿಟ್ಟು ದೂರದೇಶದಲ್ಲಿ ನೆಲೆಸಿದವರು ಇಂಥ ಗೋಷ್ಠಿಗಳಲ್ಲಿ ಒಂದಾಗುತ್ತಾರೆ. ಒಬ್ಬರ ಪದ್ಯದಲ್ಲಿ ಗಣ ತಪ್ಪಿದರೆ ಇನ್ನೊಬ್ಬರು ಮೃದುವಾಗಿ ತೋರಿಸುತ್ತಾರೆ. ತಿದ್ದಿದವರಿಗೆ ತಿದ್ದಿಸಿಕೊಂಡವರು ಪದ್ಯದಲ್ಲಿಯೇ ವಂದನೆ ಹೇಳುವುದುಂಟು. ದತ್ತಪದಿಯಲ್ಲಿ ಕಾರು, ಲಾರಿ, ವ್ಯಾನು ಎಂಬ ಮಾತುಗಳನ್ನು ಕೊಟ್ಟು ದೇವತಾಸ್ತುತಿಯನ್ನು ಕೇಳಿದರೂ ಇವರು ಎದೆಗುಂದರು: ‘ಕಾರುಣ್ಯ’ದಲ್ಲಿ ಒಂದನ್ನು, ಇಂದ್ರನ ಹೆಸರಾದ ‘ಬಲಾರಿ’ಯಲ್ಲಿ ಇನ್ನೊಂದನ್ನು, ‘ದಿವ್ಯಾನುಗ್ರಹ’ದಲ್ಲಿ ಮತ್ತೊಂದನ್ನು ಅಡಗಿಸಿ, ವಾಹನಗಳ ಗದ್ದಲವೇ ಕೇಳಿಸದಂತೆ ಸ್ತುತಿಯನ್ನು ಮುಗಿಸುತ್ತಾರೆ.

ತೆಲುಗು ನಾಡಿನಲ್ಲಿ ಅವಧಾನಕಲೆಗೆ ಮಹಾವೈಭವವನ್ನು ತಂದವರು ತಿರುಪತಿ ವೇಂಕಟ ಕವಿಗಳೆಂದು ಹೆಸರಾದ ದಿವಾಕರ್ಲ ತಿರುಪತಿ ಶಾಸ್ತ್ರಿ (1872–1920) ಮತ್ತು ಚೆಳ್ಳಪಿಳ್ಳ ವೇಂಕಟ ಶಾಸ್ತ್ರಿಗಳು (1870–1950). ಸಂಸ್ಥಾನದಿಂದ ಸಂಸ್ಥಾನಕ್ಕೆ ಸಂಚರಿಸುತ್ತ ಜೋಡಿಯಾಗಿ ಅವಧಾನ ಮಾಡಿದ ಆ ಮಹನೀಯರ ಕಾಲದಲ್ಲಿ ಸ್ಪರ್ಧೆಗೆ ಖಡ್ಗದ ಹರಿತವಿತ್ತು. ಕೊಪ್ಪರಪು ಸಹೋದರ ಕವಿಗಳೊಡನೆ ನಡೆದ ವಾಗ್ವಾದ ಅಲ್ಲಿಯ ಸಾಹಿತ್ಯಚರಿತ್ರೆಯ ಪ್ರಸಿದ್ಧ ಪ್ರಕರಣ. ಕನ್ನಡದಲ್ಲಿ ಅವಧಾನವು ನಮ್ಮ ಕಾಲಕ್ಕೆ ಮರಳಿ ಚಿಗುರಿದ್ದು, ಕೋಲಾರದಲ್ಲಿ 1962ರಲ್ಲಿ ಹುಟ್ಟಿದ ಶತಾವಧಾನಿ ಆರ್. ಗಣೇಶರಿಂದ. 2012ರಲ್ಲಿ ಬೆಂಗಳೂರಿನಲ್ಲಿ ಅವರು ಸಂಪೂರ್ಣ ಕನ್ನಡದಲ್ಲಿಯೇ ಶತಾವಧಾನವನ್ನು ನಡೆಸಿದಾಗ ಪೃಚ್ಛಕರ ಪಂಕ್ತಿ ನೂರಕ್ಕೇರಿತ್ತು. 2014ರಲ್ಲಿ ಅವರ ಸಾವಿರದ ಅವಧಾನ ನಡೆಯಿತು. ಅಷ್ಟು ಅವಧಾನಗಳಿಗೆ ಅಷ್ಟೂ ಸಲ ಯೋಗ್ಯರಾದ ಪೃಚ್ಛಕರು ಒದಗಿಬಂದರೆಂಬುದು ಆ ಸಾಧನೆಯಷ್ಟೇ ಗಣನೀಯವಾದ ಸಂಗತಿಯೆಂದು ನನಗೆ ತೋರುತ್ತದೆ.

ಹೊರಊರಿನಲ್ಲಿ ಅವಧಾನವೆಂದರೆ ಪೃಚ್ಛಕರಿಗೆ ಅದೊಂದು ಯಾತ್ರೆ. ಪ್ರಯಾಣದ ಹೊತ್ತೆಲ್ಲ ಹಳೆಯ ಸಮಸ್ಯೆಗಳ ಮೆಲುಕು, ಕಿಟಕಿಯಾಚೆ ಕಂಡ ಕೆರೆಗೋ ಗುಡಿಗೋ ಆಶುಪದ್ಯ, ಒಬ್ಬರು ಬಿಟ್ಟ ಪಾದವನ್ನು ಇನ್ನೊಬ್ಬರು ಹಿಡಿದು ಮುಗಿಸುವ ಪಂದ್ಯ. ಆದರೆ ಅಂದಿನ ಸಭೆಯಲ್ಲಿ ತಾವು ಕೇಳಲಿರುವ ಪ್ರಶ್ನೆಯನ್ನು ಮಾತ್ರ ಅವಧಾನಿಯೆದುರು ಯಾರೂ ಬಾಯಿಬಿಡರು. ಅದು ಈ ಬಳಗದ ಅಲಿಖಿತ ನಿಯಮ. ಸಭೆ ಮುಗಿದು ಊಟದ ಎಲೆಯ ಮುಂದೆ ಕುಳಿತಾಗ ನಾಲಗೆಗಳು ಸಡಿಲವಾಗುತ್ತವೆ. ಸಮಸ್ಯೆಯನ್ನು ಕೊಟ್ಟವರು ತಾವೇ ಮಾಡಿಟ್ಟುಕೊಂಡ ಪರಿಹಾರವನ್ನು ಹೇಳುತ್ತಾರೆ. ಅವಧಾನಿ ಅದನ್ನು ಕೇಳಿ ಮೆಚ್ಚುತ್ತಾರೆ ಅಥವಾ ಯತಿಯ ಒಂದು ದೋಷವನ್ನು ಎತ್ತಿ ಆಡುತ್ತಾರೆ. ಸಭೆಯಲ್ಲಿ ಮೂಲೆಗೆ ಕುಳಿತಿದ್ದ ಯಾವನೋ ಹುಡುಗ ಸಂಕೋಚದಿಂದ ತನ್ನದೊಂದು ಪೂರಣವನ್ನು ಮುಂದಿಡುತ್ತಾನೆ. ಅದು ಸಾಧುವಾಗಿದ್ದರೆ ಮುಂದಿನ ಅವಧಾನಕ್ಕೆ ದತ್ತಪದಿಯ ಪೀಠ ಅವನಿಗೆ. ಹಾಗೆ ಪೃಚ್ಛಕರಾಗಿ ಪಳಗಿದವರಲ್ಲಿ ಕೆಲವರು ತಾವೇ ಅವಧಾನಿಗಳಾಗಿ, ಹಿಂದೆ ತಮ್ಮನ್ನು ತಿದ್ದಿದವರನ್ನು ಈಗ ನಿಷೇಧಾಕ್ಷರಿಯ ಪೃಚ್ಛಕರನ್ನಾಗಿ ಕರೆಯುತ್ತಿದ್ದಾರೆ.