44,100: ಈ ಸಂಖ್ಯೆ ಎಲ್ಲಿಂದ ಬಂತು?

ಸಂಗೀತದ ಸಿ.ಡಿ.ಯೊಂದರ ತಾಂತ್ರಿಕ ವಿವರಗಳನ್ನು ಗಮನಿಸಿ. '44,100 ಹರ್ಟ್ಸ್, 16 ಬಿಟ್' ಎಂದಿರುತ್ತದೆ. ವಿಡಿಯೋ ಜೊತೆಗಿನ ಧ್ವನಿಯಲ್ಲಿ ಸಾಮಾನ್ಯವಾಗಿ 48,000 ಹರ್ಟ್ಸ್ ಬಳಸುತ್ತಾರೆ. ಡಿಜಿಟಲ್ ದೂರವಾಣಿ ಜಾಲದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು 8,000. ಏಕೆ ಈ ವ್ಯತ್ಯಾಸ? 40,000 ಎಂಬ ಸರಳ ಸಂಖ್ಯೆಯನ್ನು ಬಿಟ್ಟು 44,100 ಏಕೆ?

ಅಲೆಯಿಂದ ಅಂಕಿಗೆ

ಗಾಳಿಯ ಒತ್ತಡದ ಏರಿಳಿತವೇ ಧ್ವನಿ. ಮೈಕ್ ಅದನ್ನು ವಿದ್ಯುತ್ ವೋಲ್ಟೇಜಿನ ಏರಿಳಿತವನ್ನಾಗಿ ಬದಲಿಸುತ್ತದೆ. ಈ ವೋಲ್ಟೇಜನ್ನು ಸಮಾನ ಕಾಲಾಂತರಗಳಲ್ಲಿ ಅಳೆದು ಅಂಕಿಯಾಗಿ ಬರೆದಿಡುವುದು ಪರಿವರ್ತಕದ ಕೆಲಸ. ಒಂದೊಂದು ಅಳತೆಯೂ ಒಂದು 'ಸ್ಯಾಂಪಲ್'. ಸೆಕೆಂಡಿಗೆ ಎಷ್ಟು ಬಾರಿ ಅಳೆಯುತ್ತೇವೆ ಎಂಬುದೇ ಸ್ಯಾಂಪ್ಲಿಂಗ್ ದರ. 16 ಬಿಟ್ ಎಂದರೆ ಪ್ರತಿ ಅಳತೆಯನ್ನೂ 65,536 ಮಟ್ಟಗಳಲ್ಲಿ ಒಂದಾಗಿ ಗುರುತಿಸುವುದು.

ಎರಡು ಅಳತೆಗಳ ನಡುವಿನ ಧ್ವನಿ ಕಳೆದುಹೋಗುವುದಿಲ್ಲವೇ? ಒಂದು ನಿಬಂಧನೆ ಪಾಲಿಸಿದರೆ ಕಳೆದುಹೋಗುವುದಿಲ್ಲ. ಧ್ವನಿಯಲ್ಲಿರುವ ಅತ್ಯಂತ ಹೆಚ್ಚಿನ ಆವೃತ್ತಿಯು ಸ್ಯಾಂಪ್ಲಿಂಗ್ ದರದ ಅರ್ಧಕ್ಕಿಂತ ಕಡಿಮೆ ಇರಬೇಕು. ಆಗ ಸ್ಯಾಂಪಲ್‌ಗಳಿಂದಲೇ ಮೂಲ ಅಲೆಯನ್ನು ಮತ್ತೆ ಪಡೆಯಬಹುದು. ನೈಕ್ವಿಸ್ಟ್ (1928), ಕೊಟೆಲ್ನಿಕೋವ್ (1933) ಮತ್ತು ಶಾನನ್ (1949) ಅವರ ಹೆಸರುಗಳು ಈ ಪ್ರಮೇಯದೊಂದಿಗೆ ಸೇರಿಕೊಂಡಿವೆ.

ಮಾಡಿ ನೋಡಿ

ಗ್ರಾಫ್ ಕಾಗದದ ಮೇಲೆ ಒಂದು ಸೆಕೆಂಡಿನ ಅವಧಿಗೆ 3 ಹರ್ಟ್ಸ್ ಮತ್ತು 5 ಹರ್ಟ್ಸ್‌ನ ಎರಡು ಕೊಸೈನ್ ಅಲೆಗಳನ್ನು ಎಳೆಯಿರಿ. ಎರಡೂ ಶಿಖರದಿಂದಲೇ ಆರಂಭವಾಗಲಿ, ಎತ್ತರವೂ ಒಂದೇ ಇರಲಿ. ಈಗ ಪ್ರತಿ 1/8 ಸೆಕೆಂಡಿಗೆ ಒಂದರಂತೆ ಬಿಂದುಗಳನ್ನು ಗುರುತಿಸಿ. ಎರಡೂ ಅಲೆಗಳಲ್ಲಿ ಬಿಂದುಗಳು ಒಂದೇ ಎತ್ತರದಲ್ಲಿ ಬೀಳುತ್ತವೆ! ಬಿಂದುಗಳನ್ನಷ್ಟೇ ನೋಡಿದವರಿಗೆ ಅಲೆ ಯಾವುದೆಂದು ಹೇಳಲಾಗದು. 8ರ ಅರ್ಧವಾದ 4ನ್ನು ಮೀರಿದ 5 ಹರ್ಟ್ಸ್, 3 ಹರ್ಟ್ಸ್‌ನ ವೇಷ ಹಾಕಿದೆ. ಚಲನಚಿತ್ರದಲ್ಲಿ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದಕ್ಕೂ ಇದೇ ಕಾರಣ.

ಹೀಗೆ ವೇಷ ಹಾಕಿ ಒಳಬಂದ ಆವೃತ್ತಿಯನ್ನು ಆಮೇಲೆ ಬೇರ್ಪಡಿಸುವುದು ಸಾಧ್ಯವಿಲ್ಲ. ಆದುದರಿಂದ ಅಳೆಯುವ ಮೊದಲೇ ಶೋಧಕವೊಂದು (ಫಿಲ್ಟರ್) ಹೆಚ್ಚಿನ ಆವೃತ್ತಿಗಳನ್ನು ತಡೆಯಬೇಕು.

ಟಿ.ವಿ.ಯ ಕೊಡುಗೆ

ಮನುಷ್ಯನ ಕಿವಿಗೆ ಹೆಚ್ಚೆಂದರೆ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ. ಇದರ ಎರಡರಷ್ಟು 40,000. ಆದರೆ ಯಾವ ಶೋಧಕವೂ ಗೋಡೆಯಂತೆ ಥಟ್ಟನೆ ತಡೆಯಲಾರದು, ಅದಕ್ಕೆ ಸ್ವಲ್ಪ ಅಂತರ ಬೇಕು. ಇನ್ನು, ಡಿಜಿಟಲ್ ಧ್ವನಿಮುದ್ರಣದ ಆರಂಭದ ದಿನಗಳಲ್ಲಿ ಅಂಕಿಗಳನ್ನು ವಿಡಿಯೋ ಟೇಪಿನಲ್ಲಿ, ಚಿತ್ರದ ಗೆರೆಗಳ ರೂಪದಲ್ಲಿ ಇಡುತ್ತಿದ್ದರು. ಗೆರೆಯೊಂದಕ್ಕೆ ಪ್ರತಿ ಚಾನೆಲ್‌ನ 3 ಸ್ಯಾಂಪಲ್. ಟಿ.ವಿ.ಯ ಎರಡು ಪದ್ಧತಿಗಳಲ್ಲಿ ಲೆಕ್ಕ ಹೀಗೆ:

60 ಫೀಲ್ಡ್ × 245 ಗೆರೆ × 3 = 44,100
50 ಫೀಲ್ಡ್ × 294 ಗೆರೆ × 3 = 44,100

ಎರಡಕ್ಕೂ ಹೊಂದಿದ ಈ ದರವನ್ನೇ ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು 1980ರಲ್ಲಿ ಸಿ.ಡಿ.ಯ ಮಾನಕದಲ್ಲಿ ಸೇರಿಸಿದವು.

ದರ ಬದಲಿಸುವಾಗ

48,000 ದರದ ಧ್ವನಿಯನ್ನು 44,100 ಎಂದು ತಪ್ಪಾಗಿ ನುಡಿಸಿದರೆ ಏನಾಗುತ್ತದೆ? 240 ಹರ್ಟ್ಸ್‌ನ ಶ್ರುತಿ 220.5ಕ್ಕೆ ಇಳಿಯುತ್ತದೆ. ಒಂದು ಗಂಟೆಯ ಕಚೇರಿ 65 ನಿಮಿಷ ದಾಟುತ್ತದೆ. ಸರಿಯಾಗಿ ಪರಿವರ್ತಿಸಲು ಹೊಸ ಕ್ಷಣಗಳಲ್ಲಿ ಅಲೆಯ ಎತ್ತರ ಎಷ್ಟಿರುತ್ತಿತ್ತು ಎಂದು ಲೆಕ್ಕ ಹಾಕಬೇಕು. ಈ ದರಗಳ ಅನುಪಾತ 147:160. ತಾತ್ವಿಕವಾಗಿ, ಪ್ರತಿ ಎರಡು ಸ್ಯಾಂಪಲ್‌ಗಳ ನಡುವೆ 146 ಸೊನ್ನೆಗಳನ್ನು ಸೇರಿಸಿ, ಗಣಿತದ ಶೋಧಕದಿಂದ ನಯಗೊಳಿಸಿ, 160ಕ್ಕೆ ಒಂದರಂತೆ ಉಳಿಸಿಕೊಂಡರಾಯಿತು. ಇಲ್ಲಿ ಶೋಧಕವು 22,050 ಹರ್ಟ್ಸ್ ಮೀರಿದುದನ್ನೂ ತಡೆಯಬೇಕು.

48,000ದಿಂದ 8,000ಕ್ಕೆ ಇಳಿಸುವುದು ಸುಲಭವೆಂದು ಆರಕ್ಕೆ ಒಂದು ಸ್ಯಾಂಪಲ್ ಇಟ್ಟುಕೊಂಡು ಉಳಿದುದನ್ನು ಬಿಸಾಡುವವರೂ ಉಂಟು. ಶೋಧಕವಿಲ್ಲದೆ ಹಾಗೆ ಮಾಡಿದರೆ 5,000 ಹರ್ಟ್ಸ್‌ನ ಸ್ವರಾಂಶ 3,000ದಲ್ಲಿ ಅಪಸ್ವರವಾಗಿ ಕೇಳಿಸುತ್ತದೆ. ನಿಮ್ಮ ಗ್ರಾಫ್ ಕಾಗದ ಹೇಳಿದ್ದೂ ಇದನ್ನೇ.

ನಿಮ್ಮ ಊರಿನ ಹಿರಿಯರೊಬ್ಬರ ಹಾಡು ಹಳೆಯ ಕ್ಯಾಸೆಟ್ಟಿನಲ್ಲಿದೆ ಎನ್ನೋಣ. ಟೇಪು ಶಿಥಿಲವಾಗಿದ್ದರೆ ಅದನ್ನು ನುಡಿಸಲು ಇನ್ನೊಂದು ಅವಕಾಶ ಸಿಗದಿರಬಹುದು. ಧ್ವನಿ ಸಂಗ್ರಹಾಲಯಗಳು ಇಂತಹ ಕೆಲಸಕ್ಕೆ ಕನಿಷ್ಠ 48,000 ಹರ್ಟ್ಸ್, 24 ಬಿಟ್ ಬಳಸುತ್ತವೆ. ಮೂಲ ಪ್ರತಿಯನ್ನು ಹಾಗೆಯೇ ಉಳಿಸಿ, ಬೇಕಾದ ದರಕ್ಕೆ ನಕಲು ಮಾಡಿಕೊಳ್ಳಿ. ದರವನ್ನು ಯಾವಾಗ ಬೇಕಾದರೂ ಇಳಿಸಬಹುದು. ಅಳೆಯದೆ ಬಿಟ್ಟುದನ್ನು ಮರಳಿ ತರಲಾಗದು.